ಉಬ್ಬಿದ ಕಣ್ಣು: ಥೈರಾಯ್ಡೋ, ರಕ್ತನಾಳದ ತೊಂದರೆಯೋ?

ಒಂದು ಕಣ್ಣು ಕೆಂಪಾಗಿ ವಾರಗಳೇ ಕಳೆದಿವೆ. ಮೊದಲು ಕೆಂಗಣ್ಣು ಬೇನೆ ಅಂದುಕೊಂಡು ಡ್ರಾಪ್ಸ್ ಹಾಕಿದ್ದಾಯಿತು. ಆಮೇಲೆ ಅಲರ್ಜಿ ಇರಬಹುದೆಂದು ಇನ್ನೊಂದು ಡ್ರಾಪ್ಸ್. ಕೆಂಪು ಮಾತ್ರ ಇಳಿಯಲಿಲ್ಲ. ರೆಪ್ಪೆ ಊದಿಕೊಂಡಿತು, ಕಣ್ಣುಗುಡ್ಡೆ ತುಸು ಮುಂದೆ ಬಂದಂತೆ ಕಾಣತೊಡಗಿತು. ಮನೆಗೆ ಬಂದ ನೆಂಟರೊಬ್ಬರು ‘ಇದು ಥೈರಾಯ್ಡೇ ಇರಬೇಕು, ಒಮ್ಮೆ ಟೆಸ್ಟ್ ಮಾಡಿಸಿ’ ಎಂದರು. ಮಾಡಿಸಿದರೆ ಟಿಎಸ್‌ಎಚ್ ಏರುಪೇರಾಗಿತ್ತು. ಕಾರಣ ಸಿಕ್ಕಿತಲ್ಲ ಎಂದು ಮನೆಮಂದಿಯೆಲ್ಲ ನಿರಾಳರಾದರು.

ನಿಮ್ಮ ಮನೆಯಲ್ಲೂ ಕಥೆ ಇಲ್ಲಿಗೇ ನಿಂತಿದ್ದರೆ ಸ್ವಲ್ಪ ತಡೆಯಿರಿ. ಥೈರಾಯ್ಡ್ ಏರುಪೇರು ನಮ್ಮಲ್ಲಿ, ಅದರಲ್ಲೂ ನಡುವಯಸ್ಸು ದಾಟಿದ ಹೆಂಗಸರಲ್ಲಿ, ತೀರ ಸಾಮಾನ್ಯ. ತಲೆಯೊಳಗಿನ ರಕ್ತನಾಳಗಳ ನಡುವೆ ತಾನಾಗಿ ಅಡ್ಡದಾರಿಯೊಂದು ತೆರೆದುಕೊಂಡು ಕಣ್ಣು ಕೆಂಪಾಗಿ ಉಬ್ಬುವ ಕಾಯಿಲೆಯೂ ಹೆಚ್ಚಾಗಿ ಇದೇ ವಯಸ್ಸಿನ ಹೆಂಗಸರಿಗೇ ಬರುವಂಥದ್ದು. ಎರಡೂ ಒಬ್ಬರಲ್ಲೇ ಇರಲು ಅಡ್ಡಿಯೇನಿಲ್ಲ. ರಕ್ತದ ವರದಿ ನಿಮ್ಮ ಥೈರಾಯ್ಡ್ ಗ್ರಂಥಿ ಹೇಗಿದೆಯೆಂದು ಹೇಳುತ್ತದೆ. ಕಣ್ಣು ಏಕೆ ಉಬ್ಬಿತು ಎಂಬುದನ್ನು ತಿಳಿಯಬೇಕಾದರೆ ಕಣ್ಣನ್ನೇ ನೋಡಬೇಕು, ಕೆಲವು ಸಲ ಕಣ್ಣಿಗೆ ಕಿವಿಗೊಡಬೇಕು.

ಹೊರಗೆ ಒಂದೇ ರೂಪ ಏಕೆ?

ಕಣ್ಣುಗುಡ್ಡೆ ಕುಳಿತಿರುವುದು ಮೂಳೆಯ ಗೂಡಿನಲ್ಲಿ. ಆ ಗೂಡು ಹಿಗ್ಗುವುದಿಲ್ಲ, ಅಗಲವಾಗಿ ತೆರೆದಿರುವುದು ಮುಂಭಾಗ ಮಾತ್ರ. ಹಾಗಾಗಿ ಒಳಗೆ ಏನೇ ಹೆಚ್ಚಾದರೂ, ಅದು ಕೊಬ್ಬಿರಲಿ, ಸ್ನಾಯು ಇರಲಿ, ರಕ್ತವಿರಲಿ, ಗುಡ್ಡೆ ಮುಂದಕ್ಕೆ ಬರುತ್ತದೆ, ರೆಪ್ಪೆ ಊದುತ್ತದೆ, ಕಣ್ಣು ಕೆಂಪಾಗುತ್ತದೆ, ನೋಟ ಎರಡೆರಡಾಗುತ್ತದೆ.

ಥೈರಾಯ್ಡ್ ಕಣ್ಣಿನ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪುತ್ತದೆ. ಥೈರಾಯ್ಡ್ ಗ್ರಂಥಿಯ ಮೇಲೆ ಎರಗುವ ಪ್ರತಿಕಾಯಗಳು ಕಣ್ಣಿನ ಹಿಂದಿನ ಜೀವಕೋಶಗಳನ್ನೂ ಕೆಣಕುತ್ತವೆ. ಅಲ್ಲಿನ ಕೊಬ್ಬು ಹೆಚ್ಚುತ್ತದೆ, ಕಣ್ಣನ್ನು ಹೊರಳಿಸುವ ಸ್ನಾಯುಗಳು ನೀರು ಹಿಡಿದು ದಪ್ಪವಾಗುತ್ತವೆ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ, ಜರ್ಮನಿಯ ಕಾರ್ಲ್ ಫಾನ್ ಬಾಸೆಡೊ 1840ರಲ್ಲಿ ಊದಿದ ಗಂಟಲು, ಓಡುವ ನಾಡಿ, ಉಬ್ಬಿದ ಕಣ್ಣು ಇವು ಒಟ್ಟಿಗೇ ಬರುವುದನ್ನು ಬರೆದಿಟ್ಟರು. ಅಂದಿನಿಂದ ಉಬ್ಬಿದ ಕಣ್ಣು ಎಂದೊಡನೆ ಥೈರಾಯ್ಡ್ ನೆನಪಾಗುತ್ತದೆ. ಅದು ತಪ್ಪೇನಲ್ಲ. ವಯಸ್ಕರಲ್ಲಿ ಒಂದು ಕಣ್ಣು ಉಬ್ಬಿದರೂ ಎರಡೂ ಉಬ್ಬಿದರೂ ಅತಿ ಸಾಮಾನ್ಯ ಕಾರಣ ಇದೇ.

ರಕ್ತನಾಳದ ಕಾಯಿಲೆಗಳಲ್ಲಿ ಥೈರಾಯ್ಡನ್ನು ಅತಿ ಹೆಚ್ಚು ಹೋಲುವುದು ಕೆರೋಟಿಡ್ ಕ್ಯಾವರ್ನಸ್ ಫಿಸ್ಟುಲಾ. ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು ಮಲಿನ ರಕ್ತ ಸೇರುವ ಕೋಶವಿದೆ. ಇದಕ್ಕೆ ಕ್ಯಾವರ್ನಸ್ ಸೈನಸ್ ಎನ್ನುತ್ತಾರೆ, ನೆಗಡಿಯಾದಾಗ ಕಟ್ಟುವ ಮೂಗಿನ ಸೈನಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿನಿಂದ ಹಿಂತಿರುಗುವ ರಕ್ತ ಬಂದು ಸೇರುವುದು ಇಲ್ಲಿಗೆ. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಹಾದುಹೋಗುವುದೂ ಇದೇ ಕೋಶದೊಳಗಿನಿಂದ. ಆ ಅಪಧಮನಿ ಅಥವಾ ಅದರ ಸಣ್ಣ ಕವಲು ಒಡೆದರೆ, ಬೋರ್‌ವೆಲ್ ಮೋಟಾರಿನ ಪೈಪನ್ನು ಬಚ್ಚಲ ಪೈಪಿಗೆ ಜೋಡಿಸಿದಂತಾಗುತ್ತದೆ. ಹೃದಯ ಒತ್ತಿದ ಅಷ್ಟೂ ರಭಸ ಹೊರಹೋಗುವ ನಾಳಕ್ಕೆ ನುಗ್ಗುತ್ತದೆ, ರಕ್ತ ಕಣ್ಣಿನ ಕಡೆಗೇ ಹಿಮ್ಮುಖವಾಗಿ ಹರಿಯುತ್ತದೆ.

ಇದರಲ್ಲಿ ಎರಡು ಬಗೆ. ಒಂದು, ಮುಖ್ಯ ಅಪಧಮನಿಯೇ ಒಡೆಯುವುದು. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಯುವಕರಲ್ಲಿ ಹೆಚ್ಚು. ಪೆಟ್ಟಾದ ದಿನಗಳಲ್ಲೋ ವಾರಗಳಲ್ಲೋ ಕಣ್ಣು ಭಯ ಹುಟ್ಟಿಸುವಂತೆ ಉಬ್ಬಿ, ನಾಡಿಯೊಂದಿಗೆ ಮಿಡಿಯುತ್ತದೆ. ಇದನ್ನು ಥೈರಾಯ್ಡ್ ಎಂದು ಯಾರೂ ತಪ್ಪು ತಿಳಿಯಲಾರರು. ಇನ್ನೊಂದು, ಮಿದುಳಿನ ಹೊದಿಕೆಯ ಸಣ್ಣ ಕವಲುಗಳಿಂದ ರಕ್ತ ನಿಧಾನವಾಗಿ ಸೋರುವುದು. ಪೆಟ್ಟಿಲ್ಲ, ಗಾಯವಿಲ್ಲ, ತಾನಾಗಿಯೇ ಬರುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ, ರಕ್ತದೊತ್ತಡ ಇರುವವರಲ್ಲಿ ಹೆಚ್ಚು. ತಿಂಗಳುಗಟ್ಟಲೆ ಕೆಂಗಣ್ಣಿನ ಡ್ರಾಪ್ಸಿನಲ್ಲಿ, ಥೈರಾಯ್ಡ್ ಮಾತ್ರೆಯಲ್ಲಿ ಕಾಲ ಕಳೆದುಹೋಗುವುದು ಈ ಎರಡನೆಯ ಬಗೆಯಲ್ಲಿ.

ಮನೆಯಲ್ಲೇ ನೀವು ಗಮನಿಸಬಹುದಾದದ್ದು

ಇವುಗಳಿಂದ ರೋಗ ಖಚಿತವಾಗುವುದಿಲ್ಲ. ವೈದ್ಯರಿಗೆ ಸರಿಯಾದ ಸುಳಿವು ಕೊಡಬಹುದು ಅಷ್ಟೆ. ಕಾಗದದ ಮೇಲೆ ಬರೆದುಕೊಂಡು ಹೋಗಿ, ಹತ್ತು ನಿಮಿಷದ ಭೇಟಿಯಲ್ಲಿ ಎಲ್ಲವೂ ನೆನಪಿಗೆ ಬರುವುದಿಲ್ಲ.

1. ಹಳೆಯ ಫೋಟೋ ತೆಗೆಯಿರಿ. ಆಧಾರ್ ಕಾರ್ಡಿನದಾಗಲಿ, ಮದುವೆಯ ಆಲ್ಬಮ್ಮಿನದಾಗಲಿ, ಎರಡು ಮೂರು ವರ್ಷ ಹಿಂದಿನ ಮುಖದೊಂದಿಗೆ ಇಂದಿನದನ್ನು ಹೋಲಿಸಿ. ಕೆಲವರ ಕಣ್ಣು ಹುಟ್ಟಿನಿಂದಲೇ ದೊಡ್ಡದು. ಬದಲಾವಣೆ ಯಾವಾಗ ಶುರುವಾಯಿತು, ಒಂದೇ ಕಣ್ಣಿನಲ್ಲೋ ಎರಡರಲ್ಲೋ ಎಂಬುದು ಫೋಟೋದಿಂದ ಗೊತ್ತಾಗುತ್ತದೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ಹಣೆಯ ಮೇಲಿನಿಂದ ಕೆಳಗೆ ನೋಡಿದರೆ ಯಾವ ಕಣ್ಣು ಮುಂದಿದೆ ಎಂಬುದು ಸ್ಪಷ್ಟವಾಗುತ್ತದೆ.

2. ಮೇಲ್ರೆಪ್ಪೆ ನೋಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸುಳಿವು ಇದು. ಥೈರಾಯ್ಡ್ ಕಾಯಿಲೆಯಲ್ಲಿ ಮೇಲ್ರೆಪ್ಪೆ ಮೇಲಕ್ಕೆ ಸೆಳೆದುಕೊಳ್ಳುತ್ತದೆ. ನೇರ ನೋಡುವಾಗ ಕರಿಗುಡ್ಡೆಯ ಮೇಲ್ಗಡೆಯೂ ಬಿಳಿ ಕಾಣುತ್ತದೆ, ಯಾವಾಗಲೂ ಬೆಚ್ಚಿಬಿದ್ದವರಂತೆ ತೋರುತ್ತಾರೆ. ಒಂದು ಪೆನ್ನನ್ನು ಕಣ್ಣಿನ ಮುಂದೆ ಹಿಡಿದು ನಿಧಾನವಾಗಿ ಕೆಳಗಿಳಿಸಿ. ಕಣ್ಣು ಕೆಳಗಿಳಿದರೂ ರೆಪ್ಪೆ ಹಿಂದೆಯೇ ಉಳಿದರೆ ಅದು ಥೈರಾಯ್ಡ್ ಕಡೆ ಬೆರಳು ತೋರಿಸುತ್ತದೆ. ಈ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ಯಾವುದೋ ಒಂದು ಹಂತದಲ್ಲಿ ರೆಪ್ಪೆಯ ಸೆಳೆತ ಇದ್ದೇ ಇರುತ್ತದೆ. ಫಿಸ್ಟುಲಾದಲ್ಲಿ ರೆಪ್ಪೆ ಸಾಮಾನ್ಯವಾಗಿ ಊದಿ ಭಾರವಾಗಿ ಇಳಿಬೀಳುತ್ತದೆ. ಉಬ್ಬಿದ ಕಣ್ಣಿನ ರೆಪ್ಪೆ ಜೋತುಬಿದ್ದಿದ್ದರೆ, ಥೈರಾಯ್ಡ್ ಎಂದು ಹೇಳುವ ಮೊದಲು ಎರಡು ಸಲ ಯೋಚಿಸಬೇಕು.

3. ಕೆಂಪು ಎಲ್ಲಿದೆ, ಹೇಗಿದೆ? ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಹತ್ತಿರದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಥೈರಾಯ್ಡಿನಲ್ಲಿ ಕೆಂಪು ಹೆಚ್ಚಾಗಿ ಕಣ್ಣಿನ ಎರಡು ಕೊನೆಗಳಲ್ಲಿ, ಸ್ನಾಯುಗಳು ಗುಡ್ಡೆಗೆ ಅಂಟಿರುವ ಜಾಗದಲ್ಲಿ, ಚದುರಿದ ಬಣ್ಣದಂತೆ ಇರುತ್ತದೆ. ಫಿಸ್ಟುಲಾದಲ್ಲಿ ರಕ್ತನಾಳಗಳು ಒಂದೊಂದಾಗಿ ಎಣಿಸುವಷ್ಟು ದಪ್ಪವಾಗಿ, ಸುರುಳಿ ಸುರುಳಿಯಾಗಿ, ಸುತ್ತ ಎಲ್ಲ ಕಡೆಯಿಂದ ಕರಿಗುಡ್ಡೆಯ ಅಂಚಿನವರೆಗೂ ಬಂದು ನಿಲ್ಲುತ್ತವೆ. ಕೀವಿಲ್ಲ, ತುರಿಕೆಯಿಲ್ಲ, ರೆಪ್ಪೆ ಅಂಟುವುದಿಲ್ಲ, ಆದರೂ ವಾರಗಟ್ಟಲೆ ಇಂಥ ಕೆಂಪು ಉಳಿದರೆ ಅದು ಕೆಂಗಣ್ಣು ಬೇನೆಯಲ್ಲ.

4. ಸದ್ದು ಕೇಳಿ. ರಾತ್ರಿ ಫ್ಯಾನ್ ಆರಿಸಿ, ಮೌನವಾದ ಕೋಣೆಯಲ್ಲಿ ಮಲಗಿ. ತಲೆಯೊಳಗೆ ‘ಹುಷ್... ಹುಷ್...’ ಎಂಬ ಸದ್ದು ಇದೆಯೇ? ಇದ್ದರೆ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನೋಡಿ. ನಾಡಿಯ ಒಂದೊಂದು ಬಡಿತಕ್ಕೂ ಸದ್ದು ತಾಳ ಹಾಕಿದರೆ ಅದು ರಕ್ತ ಹರಿಯುವ ಸದ್ದು. ‘ಕಿವಿ ಗುಂಯ್‌ಗುಟ್ಟುತ್ತದೆ, ವಯಸ್ಸಾಯಿತಲ್ಲ’ ಎಂದು ಬಹಳಷ್ಟು ಹಿರಿಯರು ಇದನ್ನು ಕಿವಿಯ ತೊಂದರೆಯೆಂದೇ ತಿಳಿದು ಕಣ್ಣಿನ ಡಾಕ್ಟರಿಗೆ ಹೇಳುವುದೇ ಇಲ್ಲ. ನೀವಾಗಿಯೇ ಕೇಳಿ: ‘ಅಮ್ಮಾ, ರಾತ್ರಿ ತಲೆಯಲ್ಲಿ ಏನಾದರೂ ಸದ್ದು ಕೇಳುತ್ತದೆಯೇ?’ ಥೈರಾಯ್ಡ್ ಕಣ್ಣಿನ ಕಾಯಿಲೆಯಿಂದ ಇಂಥ ಸದ್ದು ಬರುವುದಿಲ್ಲ. ಆದರೆ ಸದ್ದಿಲ್ಲ ಎಂದಮಾತ್ರಕ್ಕೆ ಫಿಸ್ಟುಲಾ ಇಲ್ಲವೆನ್ನುವಂತಿಲ್ಲ. ನಿಧಾನ ಹರಿವಿನ ಬಗೆಯಲ್ಲಿ ಸದ್ದು ಇರದೆಯೂ ಹೋಗಬಹುದು.

5. ಎರಡೆರಡು ಕಾಣುವುದಿದ್ದರೆ, ಹೇಗೆ? ಒಂದು ಕಣ್ಣು ಮುಚ್ಚಿದಾಗ ಎರಡನೆಯ ಬಿಂಬ ಮಾಯವಾಗುತ್ತದೆಯೇ ನೋಡಿ. ಆಮೇಲೆ ಬಿಂಬಗಳು ಒಂದರ ಮೇಲೊಂದೋ, ಪಕ್ಕಪಕ್ಕದಲ್ಲೋ ಎಂದು ಗುರುತಿಸಿ. ಥೈರಾಯ್ಡಿನಲ್ಲಿ ಮೊದಲು ಬಿಗಿಯುವುದು ಹೆಚ್ಚಾಗಿ ಕೆಳಗಿನ ಸ್ನಾಯು. ಹಾಗಾಗಿ ಮೇಲೆ ನೋಡಲು ಕಷ್ಟ, ಬಿಂಬಗಳು ಒಂದರ ಮೇಲೊಂದು. ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ನರ ಕ್ಯಾವರ್ನಸ್ ಸೈನಸ್ಸಿನ ರಕ್ತದ ನಡುವೆಯೇ ಹಾದುಹೋಗುವುದರಿಂದ ಫಿಸ್ಟುಲಾದಲ್ಲಿ ಮೊದಲು ಪೆಟ್ಟು ಬೀಳುವುದು ಅದಕ್ಕೆ. ಆಗ ಬಿಂಬಗಳು ಪಕ್ಕಪಕ್ಕದಲ್ಲಿ, ದೂರ ನೋಡುವಾಗ ಇನ್ನೂ ದೂರ ದೂರ.

6. ಬಗ್ಗಿದಾಗ, ತಿಣುಕಿದಾಗ, ಕೆಮ್ಮಿದಾಗ ಮಾತ್ರ ಕಣ್ಣು ಉಬ್ಬಿ ಆಮೇಲೆ ಇಳಿಯುವುದಾದರೆ ಇವೆರಡೂ ಅಲ್ಲದ, ಕಣ್ಣಿನ ಗೂಡಿನೊಳಗಿನ ಉಬ್ಬಿದ ನಾಳವೊಂದರ ತೊಂದರೆ ಇರಬಹುದು. ಇದನ್ನೂ ಬರೆದುಕೊಳ್ಳಿ.

ತಲೆಗೆ ಪೆಟ್ಟು ಬಿದ್ದದ್ದಿದ್ದರೆ, ಆಗ ಏನೂ ಆಗಲಿಲ್ಲ ಎನಿಸಿದ್ದರೂ, ದಿನಾಂಕ ಸಮೇತ ಹೇಳಿ.

ವೈದ್ಯರ ಬಳಿ: ಯಾವ ಪರೀಕ್ಷೆ, ಏಕೆ?

ಟಿಎಸ್‌ಎಚ್, ಟಿ3, ಟಿ4 ಮಾಡಿಸಬೇಕಾದ್ದೇ. ಆದರೆ ಥೈರಾಯ್ಡ್ ಕಣ್ಣಿನ ಕಾಯಿಲೆಯ ರೋಗಿಗಳಲ್ಲಿ ಕೆಲವರಿಗೆ, ಸುಮಾರು ನೂರಕ್ಕೆ ಐವರಿಗೆ, ಈ ಮೂರೂ ಸರಿಯಾಗಿಯೇ ಇರುತ್ತವೆ. ಇನ್ನು ಕೆಲವರಿಗೆ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಬದಲು ಮಂದವಾಗಿರುತ್ತದೆ. ಆದ್ದರಿಂದ ಟಿಎಸ್‌ಎಚ್ ಗ್ರಾಹಕದ ಪ್ರತಿಕಾಯ ಪರೀಕ್ಷೆ, ಲ್ಯಾಬಿನವರು ಟಿಆರ್‌ಎಬಿ ಎನ್ನುವುದು, ಹೆಚ್ಚು ಉಪಯುಕ್ತ. ಕಣ್ಣಿನ ಕಾಯಿಲೆಗೆ ನೇರ ಸಂಬಂಧವಿರುವುದು ಆ ಪ್ರತಿಕಾಯಕ್ಕೆ.

ಒಂದು ಎಚ್ಚರಿಕೆ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ವರದಿ ಸುಳ್ಳು ಬರುತ್ತದೆ. ಇಲ್ಲದ ಥೈರಾಯ್ಡ್ ಕಾಯಿಲೆಯನ್ನು ಇದ್ದಂತೆಯೇ ತೋರಿಸಬಹುದು. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಿ, ವೈದ್ಯರಿಗೂ ತಿಳಿಸಿ.

ಕಣ್ಣಿನ ಒತ್ತಡ ಎರಡರಲ್ಲೂ ಏರಬಹುದು, ಹಾಗಾಗಿ ಅಳೆಸಲೇಬೇಕು. ವೈದ್ಯರು ಮುಚ್ಚಿದ ರೆಪ್ಪೆಯ ಮೇಲೆ, ಕಣತಲೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳುವುದೂ ಉಂಟು. ಅವರು ಮರೆತರೆ ‘ಸಾರ್, ತಲೆಯಲ್ಲಿ ಸದ್ದು ಬರುತ್ತದೆ, ಒಮ್ಮೆ ಸ್ಟೆತಸ್ಕೋಪ್ ಇಟ್ಟು ನೋಡುತ್ತೀರಾ?’ ಎಂದು ಕೇಳಲು ಸಂಕೋಚ ಬೇಡ. ಖರ್ಚಿಲ್ಲದ ಪರೀಕ್ಷೆ ಇದು.

ಇನ್ನು ಸ್ಕ್ಯಾನ್. ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ. ‘ಕಣ್ಣಿನ ಸ್ನಾಯುಗಳು ದಪ್ಪವಾಗಿವೆ’ ಎಂಬ ಒಂದು ಸಾಲು ವರದಿಯಲ್ಲಿ ಬಂದರೆ ಅನೇಕರು ಥೈರಾಯ್ಡ್ ಎಂದು ತೀರ್ಮಾನಿಸುತ್ತಾರೆ. ಆದರೆ ಫಿಸ್ಟುಲಾದಲ್ಲೂ ರಕ್ತ ಕಟ್ಟಿ ಸ್ನಾಯುಗಳು ಊದುತ್ತವೆ. ಯಾವ ಸ್ನಾಯು, ಹೇಗೆ ಎಂಬುದರಲ್ಲಿದೆ ವ್ಯತ್ಯಾಸ. ಥೈರಾಯ್ಡಿನಲ್ಲಿ ಸಾಮಾನ್ಯವಾಗಿ ಮೊದಲು ಕೆಳಗಿನದು, ಆಮೇಲೆ ಮೂಗಿನ ಕಡೆಯದು ದಪ್ಪವಾಗುತ್ತದೆ. ಸ್ನಾಯುವಿನ ಹೊಟ್ಟೆ ಉಬ್ಬಿದರೂ ಗುಡ್ಡೆಗೆ ಅಂಟುವ ತುದಿ ತೆಳ್ಳಗೇ ಉಳಿಯುತ್ತದೆ. ಹೊರಗೆ ಒಂದೇ ಕಣ್ಣು ಉಬ್ಬಿದಂತಿದ್ದರೂ ಸ್ಕ್ಯಾನಿನಲ್ಲಿ ಎರಡೂ ಕಡೆ ಬದಲಾವಣೆ ಸಿಗುವುದು ಸಾಮಾನ್ಯ. ಫಿಸ್ಟುಲಾದಲ್ಲಿ ಒಂದು ಕಡೆಯ ಎಲ್ಲ ಸ್ನಾಯುಗಳೂ ಸಮನಾಗಿ, ಸ್ವಲ್ಪ ಸ್ವಲ್ಪ ಊದಿರುತ್ತವೆ. ಅವುಗಳ ಮೇಲೆ ಹಾದುಹೋಗುವ ಕಣ್ಣಿನ ಮೇಲಿನ ಅಭಿಧಮನಿ ಎದ್ದು ಕಾಣುವಷ್ಟು ದಪ್ಪವಾಗಿರುತ್ತದೆ. ಸ್ಕ್ಯಾನ್ ಓದುವವರು ಹುಡುಕಬೇಕಾದ್ದು ಈ ನಾಳವನ್ನು. ಚೀಟಿಯಲ್ಲಿ ‘ಥೈರಾಯ್ಡ್ ಕಣ್ಣು’ ಎಂದಷ್ಟೇ ಬರೆದಿದ್ದರೆ ಓದುವವರ ಗಮನ ಸ್ನಾಯುವಿನ ಮೇಲೆಯೇ ನಿಲ್ಲಬಹುದು. ‘ಫಿಸ್ಟುಲಾ ಅನುಮಾನವೂ ಇದೆ’ ಎಂದು ಸೇರಿಸಿ ಬರೆಯಲು ವೈದ್ಯರನ್ನು ಕೇಳಿಕೊಳ್ಳಿ. ರಕ್ತನಾಳಗಳು ಚೆನ್ನಾಗಿ ಕಾಣಲು ಔಷಧಿ ಚುಚ್ಚಿ ತೆಗೆಯುವ ಸ್ಕ್ಯಾನ್ ಬೇಕಾಗುತ್ತದೆ. ಮೂತ್ರಪಿಂಡದ ತೊಂದರೆ, ಅಲರ್ಜಿ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಮುಂಚೆಯೇ ಹೇಳಿ.

ಅನುಮಾನ ಗಟ್ಟಿಯಾದರೆ ಕೊನೆಯ ಮಾತು ಡಿಎಸ್‌ಎ ಎಂಬ ಆಂಜಿಯೋಗ್ರಾಮಿನದು. ತೊಡೆಸಂದಿ ಅಥವಾ ಮಣಿಕಟ್ಟಿನ ನಾಳದಿಂದ ತೆಳ್ಳನೆಯ ಕೊಳವೆ ಕಳಿಸಿ, ತಲೆಯ ರಕ್ತನಾಳಗಳ ಚಲಿಸುವ ಚಿತ್ರ ತೆಗೆಯುತ್ತಾರೆ. ಎಲ್ಲಿ ಸೋರಿಕೆ, ರಕ್ತ ಯಾವ ಕಡೆ ಹೋಗುತ್ತಿದೆ ಎಂಬುದು ಇದರಿಂದಲೇ ಗೊತ್ತಾಗಬೇಕು. ರಕ್ತ ಮಿದುಳಿನ ಮೇಲ್ಮೈ ನಾಳಗಳಿಗೂ ಹಿಮ್ಮುಖವಾಗಿ ನುಗ್ಗುತ್ತಿದ್ದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ, ಆಗ ಕಾಯುವಂತಿಲ್ಲ. ಈ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಂಥ, ನರರೋಗ ವಿಕಿರಣ ತಜ್ಞರಿರುವ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಎರಡು ಕಣ್ಣೂ ಕೆಂಪು, ಹಾಗಾದರೆ ಥೈರಾಯ್ಡೇ ಎನ್ನುವುದು.* ಎಡಬಲದ ಕ್ಯಾವರ್ನಸ್ ಸೈನಸ್‌ಗಳ ನಡುವೆ ದಾರಿಯಿದೆ. ಒಂದು ಕಡೆಯ ಸೋರಿಕೆ ಎರಡೂ ಕಣ್ಣಲ್ಲಿ ಕಾಣಿಸಬಹುದು, ಎದುರು ಬದಿಯ ಕಣ್ಣಿನಲ್ಲಿ ಮಾತ್ರ ಕಾಣಿಸುವುದೂ ಉಂಟು.

*ಕೆಂಪಿಲ್ಲ, ಹಾಗಾದರೆ ರಕ್ತನಾಳದ್ದಲ್ಲ ಎನ್ನುವುದು.* ಸೋರಿದ ರಕ್ತ ಕಣ್ಣಿನ ಕಡೆ ಬಾರದೆ ಹಿಂದಕ್ಕೆ ಹರಿದರೆ ಕಣ್ಣು ಬಿಳಿಯಾಗಿಯೇ ಇರುತ್ತದೆ. ಎರಡೆರಡು ಕಾಣುವುದು, ಒಂದು ಬದಿಯ ತಲೆನೋವು, ಇಷ್ಟೇ ಲಕ್ಷಣ.

*ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹಾಕುವುದು.* ಕೆಂಪು ಸ್ವಲ್ಪ ಇಳಿದಂತೆ ಕಾಣಬಹುದು, ಒಳಗೆ ಕಣ್ಣಿನ ಒತ್ತಡ ಏರುತ್ತದೆ. ಮೊದಲೇ ಒತ್ತಡ ಏರಿರುವ ಕಣ್ಣಿಗೆ ಇದು ದೃಷ್ಟಿಯನ್ನೇ ಕಸಿಯಬಲ್ಲದು. ರೋಗ ಖಚಿತವಾಗದೆ ಸ್ಟೀರಾಯ್ಡ್ ಮಾತ್ರೆ ನುಂಗುವುದೂ ಅಷ್ಟೇ ಅಪಾಯ. ಫಿಸ್ಟುಲಾಗೆ ಅದು ಮದ್ದಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಸೋಂಕಿದ್ದರೆ ಅದನ್ನು ಹಬ್ಬಿಸುತ್ತದೆ. 2021ರಲ್ಲಿ ಕೊರೊನಾ ನಂತರ ಕಪ್ಪು ಶಿಲೀಂಧ್ರ ಎಷ್ಟು ಕಣ್ಣುಗಳನ್ನು ಬಲಿ ತೆಗೆದುಕೊಂಡಿತೆಂಬುದನ್ನು ನಾವು ಇಷ್ಟು ಬೇಗ ಮರೆಯಬಾರದು.

*ಕತ್ತು ಒತ್ತುವುದು.* ನಿಧಾನ ಹರಿವಿನ ಫಿಸ್ಟುಲಾಗೆ ಕತ್ತಿನ ಅಪಧಮನಿಯನ್ನು ಆಗಾಗ ಒತ್ತಿ ಹಿಡಿಯುವ ಚಿಕಿತ್ಸೆ ಇರುವುದು ನಿಜ. ಆದರೆ ಅದನ್ನು ಆಯ್ದ ರೋಗಿಗಳಿಗೆ, ಕತ್ತಿನ ನಾಳಗಳನ್ನು ಪರೀಕ್ಷಿಸಿದ ಮೇಲೆ, ತಜ್ಞರೇ ಕಲಿಸಿಕೊಡುತ್ತಾರೆ. ವಿರುದ್ಧ ಬದಿಯ ಕೈಯಿಂದಲೇ ಒತ್ತಲು ಹೇಳುತ್ತಾರೆ. ಮಿದುಳಿಗೆ ರಕ್ತ ಕಡಿಮೆಯಾದರೆ ಸೋಲುವುದು ಅದೇ ಕೈ, ಆಗ ಹಿಡಿತ ತಾನಾಗಿ ಸಡಿಲುತ್ತದೆ. ಎಲ್ಲೋ ಓದಿ, ವಿಡಿಯೋ ನೋಡಿ ನೀವಾಗಿಯೇ ಮಾಡಿದರೆ ಪಾರ್ಶ್ವವಾಯು ಬಡಿಯಬಹುದು. ಕಣ್ಣುಗುಡ್ಡೆಯನ್ನೂ ಒತ್ತಬೇಡಿ.

ಒಂದು ದಿನವೂ ಕಾಯಬಾರದ ಲಕ್ಷಣಗಳು

ನೋಟ ಮಂಜಾಗುತ್ತಿದ್ದರೆ, ಬಣ್ಣ ಮಾಸಿದಂತೆ ಕಂಡರೆ. ಒಂದು ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿನಿಂದ ನೋಡಿ, ಒಂದರಲ್ಲಿ ಅದು ಇಟ್ಟಿಗೆ ಬಣ್ಣಕ್ಕೆ ಇಳಿದಿದ್ದರೆ ದೃಷ್ಟಿ ನರ ನಲುಗುತ್ತಿದೆ ಎಂದರ್ಥ. ಎರಡರಲ್ಲಿ ಯಾವ ಕಾಯಿಲೆಯೇ ಆಗಿರಲಿ, ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ನೋಯುತ್ತಿದ್ದರೆ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ.

ಜ್ವರ, ತೀವ್ರ ತಲೆನೋವು, ಮಂಪರಿನೊಂದಿಗೆ ಕಣ್ಣು ಊದಿ, ಒಂದೆರಡು ದಿನದಲ್ಲಿ ಇನ್ನೊಂದು ಕಣ್ಣಿಗೂ ಹಬ್ಬಿದರೆ ಅದು ಕ್ಯಾವರ್ನಸ್ ಸೈನಸ್ಸಿನಲ್ಲಿ ಸೋಂಕಿನಿಂದ ರಕ್ತ ಹೆಪ್ಪುಗಟ್ಟಿರುವ ಸೂಚನೆ. ಮೂಗು, ಮೇಲ್ದುಟಿಯ ಸುತ್ತಲಿನ ಕುರು ಹಿಸುಕಿದ ಮೇಲೆ ಹೀಗಾಗುವುದುಂಟು. ಪ್ರಾಣಕ್ಕೇ ಅಪಾಯ.

ತಲೆಗೆ ಪೆಟ್ಟಾದ ಕೆಲವು ವಾರಗಳೊಳಗೆ ಕಣ್ಣು ಉಬ್ಬಿದ್ದು, ಜೊತೆಗೆ ಮೂಗಿನಿಂದ ರಕ್ತ ಸುರಿದರೆ ನೇರವಾಗಿ ತುರ್ತು ವಿಭಾಗಕ್ಕೆ.

ರೋಗ ಖಚಿತವಾದ ಮೇಲೆ

ಥೈರಾಯ್ಡ್ ಕಣ್ಣೇ ಎಂದಾದರೆ ಮೊದಲ ಕೆಲಸ ಬೀಡಿ, ಸಿಗರೇಟು ಬಿಡುವುದು. ಈ ಕಾಯಿಲೆಯನ್ನು ಹೊಗೆಯಷ್ಟು ಕೆರಳಿಸುವ ಬೇರೊಂದು ಅಭ್ಯಾಸವಿಲ್ಲ. ಹಾರ್ಮೋನು ಹೆಚ್ಚೂ ಆಗದೆ ಕಡಿಮೆಯೂ ಆಗದೆ ಸಮವಾಗಿರಬೇಕು. ಗ್ರಂಥಿಗೆ ವಿಕಿರಣ ಅಯೋಡಿನ್ ಕೊಡುವ ಮಾತು ಬಂದರೆ ಕಣ್ಣಿನ ತೊಂದರೆಯಿದೆ ಎಂದು ತಪ್ಪದೆ ತಿಳಿಸಿ, ಅದು ಕಣ್ಣನ್ನು ಇನ್ನಷ್ಟು ಕೆಡಿಸಬಹುದು. ಕಾಯಿಲೆ ತೀವ್ರವಾಗಿ ಕೆರಳಿದ್ದರೆ ವಾರಕ್ಕೊಮ್ಮೆಯಂತೆ 12 ವಾರ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಕ್ರಮವಿದೆ. ಅಮೆರಿಕದಲ್ಲಿ 2020ರಲ್ಲಿ ಟೆಪ್ರೊಟುಮುಮ್ಯಾಬ್ ಎಂಬ ಔಷಧಿಗೂ ಒಪ್ಪಿಗೆ ಸಿಕ್ಕಿದೆ. ಕೆರಳಿದ ಹಂತ ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಣ್ಣಗಾಗುತ್ತದೆ. ದೃಷ್ಟಿಗೆ ಅಪಾಯವಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಆಮೇಲೆಯೇ.

ಫಿಸ್ಟುಲಾದ ದಾರಿ ಬೇರೆ. ಲಂಡನ್ನಿನ ಬೆಂಜಮಿನ್ ಟ್ರಾವರ್ಸ್ 1809ರಲ್ಲಿ ಮಿಡಿಯುವ ಕಣ್ಣಿಗೆ ಕತ್ತಿನ ಅಪಧಮನಿಯನ್ನೇ ದಾರದಿಂದ ಕಟ್ಟಿ ಚಿಕಿತ್ಸೆ ಮಾಡಿದ್ದರು. ಮಾಸ್ಕೋದ ಫ್ಯೋದರ್ ಸೆರ್ಬಿನೆಂಕೊ ನಾಳದೊಳಗಿನಿಂದಲೇ ಪುಟ್ಟ ಬಲೂನು ಕಳಿಸಿ ಮುಚ್ಚುವ ವಿಧಾನವನ್ನು 1974ರಲ್ಲಿ ಪ್ರಕಟಿಸಿದರು. ಈಗ ಹೆಚ್ಚಾಗಿ ತೆಳು ಲೋಹದ ಸುರುಳಿ ಅಥವಾ ಗಟ್ಟಿಯಾಗುವ ದ್ರವ ತುಂಬಿ ಸೋರಿಕೆ ನಿಲ್ಲಿಸುತ್ತಾರೆ, ತಲೆ ತೆರೆಯಬೇಕಾಗಿಲ್ಲ. ನಿಧಾನ ಹರಿವಿನ ಕೆಲವು ಫಿಸ್ಟುಲಾಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೃಷ್ಟಿ, ಕಣ್ಣಿನ ಒತ್ತಡ, ಮಿದುಳಿನ ನಾಳಗಳು ಸುರಕ್ಷಿತವಾಗಿದ್ದರೆ ವೈದ್ಯರು ಸ್ವಲ್ಪ ಕಾಲ ಕಾದುನೋಡಲು ಹೇಳುವುದು ಅದಕ್ಕಾಗಿಯೇ.

ಮುಚ್ಚಿದ ಮೇಲೆ ಸದ್ದು ಹೆಚ್ಚಾಗಿ ಕೂಡಲೇ ನಿಲ್ಲುತ್ತದೆ, ಕೆಂಪು ದಿನಗಳಲ್ಲಿ, ವಾರಗಳಲ್ಲಿ ಇಳಿಯುತ್ತದೆ. ಎರಡೆರಡು ಕಾಣುವುದು ಸರಿಹೋಗಲು ತಿಂಗಳುಗಳೇ ಹಿಡಿಯಬಹುದು, ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು ಓಡಾಡಬಹುದು, ವಾಹನ ಓಡಿಸುವುದು ಬೇಡ. ಕೆಲವರಲ್ಲಿ ಚಿಕಿತ್ಸೆಯ ನಂತರ, ಅಥವಾ ಫಿಸ್ಟುಲಾ ತಾನಾಗಿ ಮುಚ್ಚಿಕೊಳ್ಳುವಾಗ, ಕಣ್ಣಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಊತ, ಕೆಂಪು ಒಮ್ಮೆಲೇ ಹೆಚ್ಚುತ್ತದೆ. ಗುಣವಾಗುವ ಹಾದಿಯಲ್ಲೇ ಇದು ಬರಬಹುದು. ಆದರೂ ಮನೆಯಲ್ಲಿ ಕುಳಿತು ಊಹಿಸಬೇಡಿ, ಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅಂದೇ ಹೋಗಿ ದೃಷ್ಟಿಯನ್ನೂ ಕಣ್ಣಿನ ಒತ್ತಡವನ್ನೂ ಪರೀಕ್ಷಿಸಿಕೊಳ್ಳಿ.